ಬೆಕ್ಕು ತಂದಿಟ್ಟದ್ದು

ಅವ್ವ ಯಲಬುರ್ಗಾಕ್ಕೆ ಹೋಗಿ ಹನ್ನೊಂದು ದಿನವಾಗಿತ್ತು. ಅಲ್ಲಿ ದೊಡ್ಡಮ್ಮನ ಸೊಸೆಗೆ ಹೆರಿಗೆಯಾಗಿತ್ತು. ಬಸ್ಸಿನ ಕಿಟಕಿಯಿಂದ ಅವ್ವ ಹೇಳಿದ್ದು ಎರಡೇ ಮಾತು.

"ಲೀಲಾ, ಮುಂಜಾನೆ ದೇವರ ದೀಪ ಮರೀಬ್ಯಾಡ. ಬೆಕ್ಕಿಗೆ ಹಾಲು ಹಾಕು, ಅದೂ ಬಾಣಂತಿ ಐತಿ."

ಎಂ.ಎ. ಮುಗಿಸಿ, ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಈ ಮನೆಯಲ್ಲಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ನನಗೆ ಮನೆ ಖಾಲಿಯಾದದ್ದು ಹಿತವಾಗಿತ್ತು. ಯಾರೂ ಮಾತಾಡಿಸುವವರಿಲ್ಲ. ಪಕ್ಕದ ವರ್ಕ್‌ಶಾಪಿನ ಯಂತ್ರ ನಿಂತರೆ ಗೋಡೆ ಗಡಿಯಾರವೂ ಕೇಳುತ್ತಿತ್ತು. ಬೂದಿ ಬಣ್ಣದ ಆ ಬೆಕ್ಕು ದೇವರ ಕೋಣೆಯ ಮೂಲೆಯಲ್ಲಿ, ಜೋಳದ ಚೀಲಗಳ ಹಿಂದೆ ಮೂರು ಮರಿ ಹಾಕಿ ತಿಂಗಳಾಗಿತ್ತು.

ಒಂದು ಮುಂಜಾನೆ ದೀಪ ಹಚ್ಚಲು ಹೋದರೆ ದೇವರ ಮುಂದೆ ಅರ್ಧ ಇಲಿ ಬಿದ್ದಿತ್ತು. ಬೆಕ್ಕು ಅದರ ಪಕ್ಕ ಕೂತು, ಗಂಟಲೊಳಗೇ ಹೊರಳುವ ಒಂದು ದನಿಯಲ್ಲಿ ಕೂಗುತ್ತಿತ್ತು. ತನ್ನ ಬೇಟೆಯ ಜಂಬ ಎಂದುಕೊಂಡೆ. ನಮ್ಮ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಕಸಬರಿಗೆಯಿಂದ ಓಡಿಸಿ, ನೆಲ ತೊಳೆದು, ಮತ್ತೆ ಸ್ನಾನ ಮಾಡಿದೆ. ಮರುದಿನ ಪಾರಿವಾಳದ ರೆಕ್ಕೆ. ಅದರ ಮರುದಿನ ಮತ್ತೆ ಇಲಿ.

"ಹಾಲು ಹಾಕ್ತೀನಲ್ಲ, ಇನ್ನೇನು ಬೇಕು ನಿನಗ," ಅಂದೆ.

ನಾಲ್ಕನೆಯ ದಿನ ಅದನ್ನು ಚೀಲಕ್ಕೆ ಹಾಕಿದೆ. ಸ್ಕೂಟಿಯ ಮುಂದೆ ಇಟ್ಟುಕೊಂಡು ಗಂಗಾವತಿ ರಸ್ತೆಯಲ್ಲಿ ಎಂಟು ಕಿಲೋಮೀಟರು ಹೋಗಿ, ಮುಚ್ಚಿದ್ದ ಒಂದು ಅಕ್ಕಿ ಗಿರಣಿಯ ಹತ್ತಿರ ನಿಲ್ಲಿಸಿದೆ. ಚೀಲ ತಿರುಗಿಸಿ ಬಿಟ್ಟರೆ ಬೆಕ್ಕಿಗೆ ದಾರಿ ತಪ್ಪುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಮೂರು ಸುತ್ತು ತಿರುಗಿಸಿದೆ. ಒಳಗೆ ಅದು ಒಂದು ಸಲವೂ ಕೂಗಲಿಲ್ಲ. ಗಿರಣಿಯಲ್ಲಿ ಇಲಿಗಳಿರುತ್ತವೆ, ಸುಖವಾಗಿರುತ್ತದೆ, ಮರಿಗಳಿಗೆ ನಾನೇ ಹಾಲು ಹಾಕಿದರಾಯಿತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಸಂಜೆ ಫೋನಿನಲ್ಲಿ ಅವ್ವ ಬೆಕ್ಕಿನ ಸುದ್ದಿ ಕೇಳಿದಳು. "ಎಲ್ಲೋ ಹೋಗೇತಿ, ಬಂದಿಲ್ಲ," ಅಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ಮರಿಗಳಿಗೆ ತಟ್ಟೆಯಲ್ಲಿ ಹಾಲಿಟ್ಟೆ. ಅದರಲ್ಲಿ ಕಾಲಿಟ್ಟು ನಡೆದಾಡಿದವು. ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಟ್ಟೆ. ಮೂಸಿ ಬಿಟ್ಟವು. ನಾನು ಹಾಸಿದ್ದ ಹಳೆಯ ಸೀರೆಯ ಅಂಚನ್ನು ಚೀಪುತ್ತಿದ್ದವು. ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಿಂದ ಬಾಯಿಗೆ ಸುರಿದೆ; ಕುಡಿದ ಎರಡು ಮರಿಗೂ ಭೇದಿ ಹತ್ತಿತು. ಮೂರನೆಯ ದಿನ, ಎಲ್ಲಕ್ಕಿಂತ ಚಿಕ್ಕದು ಬಾಗಿಲ ಬಳಿ ತಣ್ಣಗಾಗಿ ಬಿದ್ದಿತ್ತು. ಮುಖ ಹೊರಗಡೆಗಿತ್ತು.

ನುಗ್ಗೆ ಗಿಡದ ಕೆಳಗೆ ಮಣ್ಣು ಮಾಡುವಾಗ ಕಾಂಪೌಂಡಿನ ಆಚೆಯಿಂದ ರಾಜಾಬೀ ಖಾಲಾ ನೋಡಿದರು. ಕೋಳಿ ಸಾಕಿಕೊಂಡಿರುವ ಹಳೆಯ ನೆರೆಯವರು. ಬಂದು ತಟ್ಟೆ ನೋಡಿದರು.

"ಹಾಲು ರೊಟ್ಟಿ ಕಲಸಿಟ್ಟೀಯಲ್ಲ ಬೇಟಾ, ಅವಕ್ಕೂ ಲಿಂಗ ಕಟ್ಟೀಯೇನು?"

ನಾನು ನಗಲಿಲ್ಲ. ಅವರೂ ದನಿ ತಗ್ಗಿಸಿದರು.

"ತಾಯಿ ಇಲಿ ಗಿಲಿ ತರಲಿಲ್ಲೇನು? ಈ ವ್ಯಾಳ್ಯಾದಾಗ ತಂದು ಮುಂದಿಟ್ಟು ಕರೀತೈತಿ. ತಾ ತಿನ್ನೂದಿಲ್ಲ. ಹಂಗ ಮರಿಗೆ ಕಲಿಸ್ತೈತಿ ತಿನ್ನೂದು."

"ತಂದಿತ್ತು," ಅಂದೆ.

"ಮತ್ತ ಎಲ್ಲಿ ಐತಿ ಅದು?"

"ಹೋತು."

"ಮರಿ ಬಿಟ್ಟು ಹೋಗಾಂಗಿಲ್ಲ. ಯಾವುದಾದ್ರೂ ಗಾಡಿಗೆ ಸಿಕ್ಕಿರಬೇಕು, ಪಾಪ."

ನನ್ನ ಸುಳ್ಳನ್ನು ಅವರೇ ಪೂರ್ತಿ ಮಾಡಿಕೊಟ್ಟಿದ್ದರು.

ಮಧ್ಯಾಹ್ನ ಖಾಲಾ ಒಂದು ಬಟ್ಟಲು ತಂದರು. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಕುಟ್ಟಿ ಅದರದೇ ನೀರಿನಲ್ಲಿ ಗಂಜಿಯಂತೆ ತೆಳು ಮಾಡಿದ್ದರು.

"ಬಟ್ಟಲ ನಂದು. ನಿಮ್ಮ ಅಡಿಗಿ ಮನಿಗೆ ಒಯ್ಯಬ್ಯಾಡ, ಹಿತ್ತಲದಾಗ ಇರಲಿ. ಮೊದಲ ಬೆರಳಿಗೆ ಹಚ್ಚಿ ಬಾಯಿಗಿಡು."

"ನೀವ ಇಡ್ರಿ ಖಾಲಾ."

"ನನ್ನ ವಾಸನಿ ಅವಕ್ಕ ಗೊತ್ತಿಲ್ಲ, ಹೆದರ್ತಾವ. ಇಡು, ನಿನ್ನ ದೇವ್ರು ಏನೂ ಅನ್ನಾಂಗಿಲ್ಲ."

ಮರಿಗಳು ಚೀಲದ ಹಿಂದಿನಿಂದ ಬರಲಿಲ್ಲ. ಏನು ತೋಚಿತೋ, ತಾಯಿ ಕೂಗಿದಂತೆ ಗಂಟಲೊಳಗೇ ಕೂಗಿದೆ. ಎರಡೂ ಓಡಿ ಬಂದವು. ಬಂದು ನನ್ನನ್ನು ದಾಟಿ, ನನ್ನ ಹಿಂದೆ ಬಾಗಿಲಿನ ಕಡೆ ನೋಡುತ್ತಾ ನಿಂತವು.

ಎತ್ತಿಕೊಂಡು ಹಿತ್ತಲಿಗೆ ಹೋದೆ. ಬೆರಳಿಗೆ ಹತ್ತಿದ ಮಾಂಸ ಬೆಚ್ಚಗಿತ್ತು. ಮರಿ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ಆಮೇಲೆ ಬೆರಳು ಸಮೇತ ಕಚ್ಚಿ ಗುರುಗುಟ್ಟುತ್ತಾ ತಿಂದಿತು. ಅದನ್ನು ನೋಡಿ ಇನ್ನೊಂದೂ ಬಂತು.

ನಾಲ್ಕು ದಿನದ ಮೇಲೆ ಅವ್ವ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತು ಬಟ್ಟಲನ್ನು, ನನ್ನ ಬೆರಳನ್ನು ನೋಡಿದಳು.

"ಮಾಂಸೇನಿದು?"

"ಹೂಂ."

ಬೈಗುಳಕ್ಕೆ ಕಾದೆ. ಬರಲಿಲ್ಲ.

"ತಾಯಿ ಮತ್ತ ಬರಲೇ ಇಲ್ಲೇನು?"

"ಗಾಡಿಗೆ ಸಿಕ್ಕಿರಬೇಕ್ರಿ ಶೇಖರಮ್ಮಾರ," ಕಾಂಪೌಂಡಿನ ಆಚೆಯಿಂದ ಖಾಲಾ ಅಂದರು. "ನಿಮ್ಮ ಮಗಳು ಇದ್ದಳಂತ ಈ ಎರಡು ಉಳದಾವು."

ಅವ್ವ ನನ್ನ ತಲೆ ಸವರಿದಳು. "ಛಲೋ ಮಾಡಿದಿ ಬಿಡು. ಮುಟ್ಟದವಳು ಮುಟ್ಟಿ ಜೀವ ಉಳಿಸಿದಿ."

ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಗಾಡಿಗೆ ಸಿಕ್ಕಿಲ್ಲ. ನಾನ ಒಯ್ದು ಬಿಟ್ಟೆ. ದೇವರ ಮುಂದ ಇಲಿ ತಂದು ಹಾಕ್ತಿತ್ತು."

ಅವ್ವ ಕೈ ತೆಗೆದಳು. "ಚೀಲ ತಿರುಗಿಸಿದೇನು?"

"ಮೂರು ಸುತ್ತು."

ಖಾಲಾ ಒಳಗೆ ಹೋದರು. ಅವ್ವ ಮರಿಗಳನ್ನು ನೋಡುತ್ತಾ, "ನಾಳೆ ಹೋಗಿ ಹುಡುಕು," ಅಂದಳು. "ಸಿಗೂದಿಲ್ಲ. ಆದ್ರೂ ಹೋಗು."

ಮರುದಿನ ಗಿರಣಿಯ ಎದುರು ಚಹಾದಂಗಡಿ ಇಟ್ಟಿದ್ದ ಹೊನ್ನೂರಪ್ಪನೆಂಬವರನ್ನು ಕೇಳಿದೆ.

"ಬೂದಿ ಬಣ್ಣದ್ದೇನ್ರಿ? ಎರಡು ದಿನ ಇಲ್ಲೇ ಒದರ್ತಿತ್ತು. ಮೊಲಿ ಬಾತಿದ್ದವು. ಹಾಲು ಇಟ್ಟರ ಮುಟ್ಟಲಿಲ್ಲ. ಆಮೇಲೆ ಹಿಂಗ ರಸ್ತಿ ಹಿಡದು ಹೋತು." ಅವರು ಕೈ ತೋರಿಸಿದ್ದು ಕೊಪ್ಪಳದ ಕಡೆಗೆ.

ಸ್ಕೂಟಿ ತಳ್ಳಿಕೊಂಡೇ ತಿರುಗಿ ನಡೆದೆ, ರಸ್ತೆಯ ಎರಡೂ ಅಂಚು ನೋಡುತ್ತಾ. ಲಾರಿಗಳು ಮೈ ಸವರಿದಂತೆ ಹೋಗುತ್ತಿದ್ದವು. ಒಂದು ಕಿಲೋಮೀಟರು ನಡೆದಿರಬೇಕು, ಅವ್ವನ ಫೋನು ಬಂತು.

"ಮರಿ ಹಸದು ಒದರಾಕತ್ತಾವು. ರಾಜಾಬೀ ಬಟ್ಟಲ ಕೊಟ್ಟಾಳ. ಬೆರಳಿಗೆ ಹಚ್ಚಿ ಇಡಬೇಕೇನು?"

"ಬ್ಯಾಡವ್ವ, ನೀ ಮುಟ್ಟಬ್ಯಾಡ. ನಾ ಬರ್ತೀನಿ, ಅರ್ಧ ತಾಸು."

"ನೀ ಹುಡುಕು, ನಾ ಇಡ್ತೀನಿ," ಎಂದು ಅವ್ವ ಫೋನ್ ಇಟ್ಟಳು.