ಮುಚ್ಚಿದ ವಾಲ್ವ್

ಪೆಟ್ರೋಲ್ ವಾಲ್ವ್ ಮುಚ್ಚಿತ್ತು.

ಮೇಲೇರಿದ ಕೆಲವೇ ಕ್ಷಣಗಳಲ್ಲಿ ಹೊಲಕ್ಕೆ ಬಿದ್ದು ನುಜ್ಜುಗುಜ್ಜಾದ, ಇಬ್ಬರೇ ಕೂರುವ ಪುಟ್ಟ ಅಲ್ಟ್ರಾಲೈಟ್ ವಿಮಾನದಲ್ಲಿ ತನಿಖಾಧಿಕಾರಿಣಿ ಬೊಟ್ಟುಮಾಡಿ ತೋರಿಸಿದ್ದು ಅದೊಂದನ್ನೇ. ಹಾರಾಟ ಶಾಲೆಯ ಮುಖ್ಯ ಶಿಕ್ಷಕಿ ಬಗ್ಗಿ ನೋಡಿದಳು. ಸತ್ತ ಪೈಲಟ್ ಅವಳ ಒಡಹುಟ್ಟಿದ ತಮ್ಮ. ಹಾರಲು ಕಲಿಸಿದವಳೂ ಅವಳೇ.

ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ವಾಲ್ವ್ ತೆರೆಯುವುದನ್ನೇ ಮರೆತು ಹಾರಿದ್ದಾನೆ, ಕೊಳವೆಯಲ್ಲಿದ್ದಷ್ಟು ಪೆಟ್ರೋಲ್ ತೀರಿದೊಡನೆ ಎಂಜಿನ್ ನಿಂತಿದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಶಾಲೆಯಲ್ಲಿ ಅವನಿಗಿದ್ದ ಹೆಸರೇ ‘ಮರೆಗುಳಿ ಮಹಾರಾಯ’. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ವಿಮಾನ ನಿಲ್ಲಿಸುವ ಇಡೀ ಹ್ಯಾಂಗರ್ ಜಾಲಾಡುವ ಆಸಾಮಿ. ಇಷ್ಟು ದಿನ ಅವನಿಗೆ ಮನೆಯ ದಾರಿ ನೆನಪಿದ್ದದ್ದೇ ಹೆಚ್ಚು ಎಂದು ಶಾಲೆಯ ಕಾರ್ಯದರ್ಶಿ ಆಡಿಕೊಂಡದ್ದು ಅಕ್ಕನ ಕಿವಿಗೂ ಬಿತ್ತು. ಒಳಗೊಳಗೆ ಅವಳೂ ಅದನ್ನೇ ನಂಬಿದ್ದಳು.

ಹಿಂದಿನ ಸೀಟಿನಲ್ಲಿದ್ದ ನಿವೃತ್ತ ಮೇಷ್ಟ್ರು ಕಾಲು ಮುರಿದುಕೊಂಡು ಬದುಕಿದ್ದರು. ಎಂಜಿನ್ ಸದ್ದು ತಟ್ಟನೆ ಅಡಗಿದ್ದರ ಹೊರತು ಅವರಿಗೇನೂ ನೆನಪಿರಲಿಲ್ಲ. ಆದರೆ ಅಜ್ಜನ ಮೊದಲ ಹಾರಾಟವೆಂದು ಅವರ ಮೊಮ್ಮಗಳು ಎಂಜಿನ್ ಚಾಲೂ ಆದಾಗಿನಿಂದ ಎಲ್ಲವನ್ನೂ ಮೊಬೈಲಿನಲ್ಲಿ ಸೆರೆಹಿಡಿದಿದ್ದಳು. ಆ ವಿಡಿಯೋ ತಂದ ತನಿಖಾಧಿಕಾರಿಣಿ, ಅದೇ ಮಾದರಿಯ ಇನ್ನೊಂದು ವಿಮಾನವನ್ನು ಹೊರಗೆ ತಳ್ಳಿಸಿದಳು.

“ವಾಲ್ವ್ ಮುಚ್ಚಿಯೇ ಚಾಲೂ ಮಾಡೋಣ. ಕೊಳವೆಯಲ್ಲಿರೋ ಪೆಟ್ರೋಲ್ ಎಷ್ಟು ಹೊತ್ತು ಬರುತ್ತೆ ನೋಡೋಣ. ವಿಡಿಯೋದಲ್ಲಿ ಅವರು ಮಾಡಿದ ಹಾಗೇ ಮಾಡ್ತಾ ಹೋಗಬೇಕು. ಯಾರು ಕೂರ್ತಾರೆ?”

“ನಾನೇ ಕೂರ್ತೀನಿ,” ಎಂದಳು ಅಕ್ಕ.

ವಿಮಾನ ಮುಂದೆ ಓಡದಂತೆ ಬಾಲವನ್ನು ಕಂಬಕ್ಕೆ ಬಿಗಿದರು. ಅವಳೆದುರು ಮೊಬೈಲ್ ಸಿಕ್ಕಿಸಿದರು, ವಿಡಿಯೋದ ಸದ್ದು ಅವಳ ಹೆಡ್‌ಫೋನಿಗೆ ಬಂತು. ಎರಡು ಎಂಜಿನ್‌ಗಳು ಒಟ್ಟಿಗೆ ಗುಡುಗಿದವು, ಒಂದು ಇವಳದು, ಒಂದು ತಮ್ಮನದು. ಅವನ ವಿಮಾನ ರನ್‌ವೇಯತ್ತ ತೆವಳಿತು. ಇವಳದು ಕಟ್ಟಿದಲ್ಲೇ ನಡುಗಿತು. ಅವನದು ಮೇಲೇರುವವರೆಗೂ ಇದು ಹೀಗೇ ಓಡಿದರೆ ತಮ್ಮನ ಮೇಲಿನ ಅಪವಾದ ನಿಜ. ಎಂಜಿನ್ ನಿಲ್ಲದಿರಲೆಂದು ಜೀವಮಾನವಿಡೀ ಹಾರೈಸಿದವಳು, ಈಗ ನಿಲ್ಲಲೆಂದು ಹಲ್ಲುಕಚ್ಚಿ ಕುಳಿತಳು.

ಅವನು ಪೂರ್ತಿ ವೇಗ ಕೊಟ್ಟ. ಅವಳೂ ಕೊಟ್ಟಳು. ಎಂಜಿನ್ ಅಬ್ಬರಿಸಿತು.

ಆಮೇಲೆ ಒಂದು ಕೆಮ್ಮು. ಮತ್ತೊಂದು. ಅವಳ ಮುಂದೆ ತಿರುಗುತ್ತಿದ್ದ ಪ್ರೊಪೆಲರ್ ನಿಂತೇಹೋಯಿತು.

ಕಿವಿಯಲ್ಲಿ ತಮ್ಮನ ಎಂಜಿನ್ ಇನ್ನೂ ಮೊರೆಯುತ್ತಿತ್ತು. ಅವನ ಚಕ್ರಗಳು ಆಗಿನ್ನೂ ನೆಲ ಬಿಟ್ಟಿರಲಿಲ್ಲ. ಅದು ಮೊರೆಯುತ್ತಲೇ ಮೇಲೇರಿತು, ಮರಗಳನ್ನು ದಾಟಿತು. ಅಜ್ಜ ಚಿಕ್ಕದಾಗ್ತಿದ್ದಾರೆ ಎಂದು ಮೊಮ್ಮಗಳು ನಗುತ್ತಿದ್ದಳು. ಆ ಸದ್ದು ನಿಲ್ಲುವವರೆಗೂ ಅಕ್ಕ ಹೆಡ್‌ಫೋನ್ ತೆಗೆಯಲಿಲ್ಲ.

“ವಾಲ್ವ್ ತೆರೆದೇ ಹಾರಿದ್ದಾರೆ,” ಎಂದಳು ತನಿಖಾಧಿಕಾರಿಣಿ. “ಮುಚ್ಚಿದ್ದು ಆಕಾಶದಲ್ಲಿ.”

ಮುರಿದ ಎಂಜಿನ್ ಬಿಚ್ಚಿದಾಗ ಉಳಿದದ್ದೂ ಬಯಲಾಯಿತು. ಹೊರಗಿನಿಂದ ಯಾರ ಕಣ್ಣಿಗೂ ಕಾಣದಂತೆ ಪೆಟ್ರೋಲ್ ಪಂಪಿನೊಳಗಿನ ರಬ್ಬರ್ ಪದರ ಸೀಳಿತ್ತು. ಎಂಜಿನ್ ಸತ್ತದ್ದು ಅದರಿಂದ. ಬಿದ್ದ ರಭಸಕ್ಕೆ ಪೆಟ್ರೋಲ್ ಕೊಳವೆ ತುಂಡಾದದ್ದು ಕೆಂಡದಂತೆ ಕಾದಿದ್ದ ಹೊಗೆಕೊಳವೆಯ ಪಕ್ಕದಲ್ಲೇ. ಬೀಳುವ ಮೊದಲು ಅವನು ವಾಲ್ವ್ ಮುಚ್ಚದಿದ್ದರೆ, ಚೆಲ್ಲಿದ ಪೆಟ್ರೋಲಿಗೆ ಬೆಂಕಿ ಹೊತ್ತಿ ಮೇಷ್ಟ್ರು ಸೀಟಿನಲ್ಲೇ ಬೆಂದುಹೋಗುತ್ತಿದ್ದರು.

ತಾನು ತಮಾಷೆಗೆ ಅಂದದ್ದೆಂದು ಕಾರ್ಯದರ್ಶಿ ತೊದಲಿದ. ಅದನ್ನು ನೀವು ಬೇಕಾದರೆ ಮರೆತುಬಿಡಿ, ನಮ್ಮ ಮನೆಯವರಿಗೆ ನೆನಪು ಚೆನ್ನಾಗಿದೆ ಎಂದು ಹೇಳಿ ಅಕ್ಕ ಆಸ್ಪತ್ರೆಗೆ ಹೊರಟಳು.

ಎಲ್ಲ ಕೇಳಿದ ಮೇಷ್ಟ್ರು ಅವಳ ಕೈ ಹಿಡಿದುಕೊಂಡರು. “ಕೊನೇಲಿ ತುಂಬಾ ಗಾಬರಿಯಾಗಿದ್ದನೇನಮ್ಮಾ?”

“ಆ ವಾಲ್ವ್ ಇರೋದು ಸೀಟಿನಡಿ, ಮೇಷ್ಟ್ರೇ. ತಡಕಿಯೇ ಹುಡುಕಬೇಕು. ಗಾಬರಿಬಿದ್ದ ಕೈಗೆ ಅದು ಸಿಗಲ್ಲ,” ಎಂದಳು ಅಕ್ಕ. “ನನ್ನ ತಮ್ಮನಿಗೆ ಸಿಕ್ಕಿತು.”