ಕೆರೆದು ಹಾಕಿದ ಹೆಸರು

ಡೊಮಿನೊ ಬಿಲ್ಲೆ ಇಡಲು ಎತ್ತಿದ ಕೈಯನ್ನು ತಿಬೂರ್ಸಿಯೊ ಹಾಗೇ ನಿಲ್ಲಿಸಿದ. ಎರಡು ಬೀದಿ ಆಚೆಯಿಂದ, ತಗಡಿನ ಮಾಡುಗಳನ್ನು ದಾಟಿ ಬರುತ್ತಿದ್ದ ಡ್ರಮ್ಮಿನ ಪೆಟ್ಟು ಅವನ ಮನೆಯಲ್ಲೇ ಕಟ್ಟಿದ ಹಾಡಿನದು. ಮೂರು ಪೆಟ್ಟು ದಪ್ಪಗೆ, ನಡುವೆ ಒಂದು ಗಂಟೆಯ ಸದ್ದು, ಮತ್ತೆರಡು ಪೆಟ್ಟು. ಹಾಡುವ ದನಿ ಯಾರೋ ಹುಡುಗಿಯದು, ಆದರೇನು? ಎತ್ತಿದ ಬಿಲ್ಲೆಯನ್ನು ಕುಕ್ಕಿ ಆಟ ಬಿಟ್ಟು ಎದ್ದ.

ಬಾರಂಕೀಯಾದ ಆ ಕೇರಿಯಲ್ಲಿ ಅವನ ಪಿಕೊ ಅಂದರೆ ಸಣ್ಣ ಮಾತಲ್ಲ. ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಅದರ ಮುಖದ ಮೇಲೆ ಹಳದಿ ಕಣಜದ ಹುಳುವಿನ ಚಿತ್ರ, ಹೆಸರೂ ಅದೇ. ಭಾನುವಾರ ಕಣಜ ಬೀದಿಗೆ ಬಂದರೆ ಮುದುಕಿಯರೂ ಕುಣಿಯುತ್ತಾರೆ. ಆದರೆ ಬೇರೆ ಯಾರ ಹತ್ತಿರವೂ ಇಲ್ಲದ ಹಾಡು ಇದ್ದರಷ್ಟೇ ಪಿಕೊಗೆ ಮರ್ಯಾದೆ. ಹಿಂದೆ ಹಡಗಿನವರು ಆಫ್ರಿಕಾದ ರೆಕಾರ್ಡು ತಂದುಕೊಟ್ಟ ಕೂಡಲೇ ಅದರ ಹೆಸರಿನ ಚೀಟಿಯನ್ನು ಬ್ಲೇಡಿನಿಂದ ಕೆರೆದು ಹಾಕುತ್ತಿದ್ದರು, ಪಕ್ಕದ ಪಿಕೊದವನು ಓದಿ ಅದನ್ನೇ ಹುಡುಕಿ ತಂದಾನು ಎಂದು. ಈಗ ಆ ಕಷ್ಟವಿಲ್ಲ. ಮೊಮ್ಮಗಳು ಬಿಟ್ಟುಹೋದ ಹಳೆಯ ಫೋನಿನಲ್ಲಿ ಹೆಂಡತಿ ದಮಾರಿಸ್ ಹಾಡು ಕಟ್ಟುವ ಆ್ಯಪಿನ ಬಣ್ಣದ ಚೌಕಗಳನ್ನು ಒತ್ತುತ್ತಾಳೆ, ಬೀದಿಯ ಗದ್ದಲ ಸೇರಬಾರದೆಂದು ಬೀರುವಿನ ಬಟ್ಟೆಗಳ ನಡುವೆ ತಲೆ ತೂರಿಸಿ ಹಾಡುತ್ತಾಳೆ. ಜೋಳದ ಅರೆಪಾ ರೊಟ್ಟಿ ಕರಿದು ಮುಗಿಸುವ ಹೊತ್ತಿಗೆ ಹಾಡೂ ಮುಗಿದಿರುತ್ತದೆ.

ಈ ಹಾಡನ್ನು ಮೊದಲೇ ಕೇಳಿದ್ದ ಹೊರಗಿನವನು ಒಬ್ಬನೇ, ಎವರಿಸ್ತೊ. ಇವರ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾ. ನಲವತ್ತು ವರ್ಷದಿಂದ ಅವನ ಬೆಳಗಿನ ಕಾಫಿ ಇವರ ಅಡುಗೆಮನೆಯಲ್ಲೇ. ಆಚೆ ಬೀದಿಯ ಪಿಕೊ ಅವನ ಅಳಿಯನದು. ಇನ್ನೇನು ಬೇಕು? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

"ನಿನ್ನ ಅಳಿಯನ ಹೊಸ ಹಾಡು ಚೆನ್ನಾಗಿತ್ತು, ಕೊಂಪಾ," ಅಂದ ತಿಬೂರ್ಸಿಯೊ ಮರುದಿನ ಬೆಳಿಗ್ಗೆ.

"ಹೌದಾ? ನಾ ಕೇಳ್ಲಿಲ್ಲ."

"ಕೇಳೋದ್ಯಾಕೆ, ಇಲ್ಲಿಂದ ಹೊತ್ಕೊಂಡು ಹೋದೋನೇ ನೀನು."

ಎವರಿಸ್ತೊ ಲೋಟ ಕೆಳಗಿಟ್ಟ. "ತಮಾಷೆ ಮಾಡ್ತಿದೀಯಾ?"

"ನಮ್ಮ ಹಾಡು ಕದ್ದಿದೀಯ. ನಾಳೆಯಿಂದ ಕಾಫಿ ಅಳಿಯನ ಮನೇಲೇ ಕುಡಿ."

ಎವರಿಸ್ತೊ ಟೋಪಿ ಇಟ್ಟುಕೊಂಡು ಎದ್ದುಹೋದ. ಅರ್ಧ ಕಾಫಿ ಮೇಜಿನ ಮೇಲೆ ಉಳಿಯಿತು.

"ಉಂಡ ಮನೆಗೆ ಎರಡು ಬಗೆಯೋ ಆಸಾಮಿ ಅಲ್ಲ ಅವ್ನು," ಅಂದಳು ದಮಾರಿಸ್.

"ಮತ್ಯಾರು, ಗೋಡೆ ಕದೀತಾ?"

ಆ ವಾರ ದಮಾರಿಸ್ ಇನ್ನೊಂದು ಹಾಡು ಕಟ್ಟಿದಳು. ತಿಬೂರ್ಸಿಯೊ ಅದನ್ನು ನರಪಿಳ್ಳೆಗೂ ಕೇಳಿಸಲಿಲ್ಲ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ.

"ಇಷ್ಟು ವರ್ಷದಲ್ಲಿ ನನ್ನೇ ಹೀಗೆ ಎದೆಗೆ ಒತ್ಕೊಂಡಿಲ್ಲ ನೀನು, ಮುದುಕಾ," ಅಂದಳು ಅವಳು.

ಮುಂದಿನ ಭಾನುವಾರ ಮಧ್ಯಾಹ್ನ ಕಣಜ ಇನ್ನೂ ಬಾಗಿಲು ದಾಟಿರಲಿಲ್ಲ. ಆಚೆ ಬೀದಿಯಿಂದ ದಮಾರಿಸ್ ಕಟ್ಟಿದ ಹೊಸ ಹಾಡಿನ ಅದೇ ಡ್ರಮ್ಮು ಬಂತು. ಎವರಿಸ್ತೊ ವಾರದಿಂದ ಇತ್ತ ಸುಳಿದಿರಲಿಲ್ಲ. ತಿಬೂರ್ಸಿಯೊ ಅಡುಗೆಮನೆಗೆ ಹೋಗಿ ಹೆಂಡತಿಯನ್ನೇ ದಿಟ್ಟಿಸಿದ.

"ಕೇಳಿಸ್ತಾ? ಇದನ್ನ ಕೇಳಿದ್ದು ನಾವಿಬ್ರೇ. ನಾನಂತೂ ಕೊಟ್ಟಿಲ್ಲ."

ದಮಾರಿಸ್ ಬಾಣಲೆಯಿಂದ ಜಾಲರಿ ತೆಗೆದಿಟ್ಟು ಕೈ ಒರೆಸಿಕೊಂಡಳು. "ಫೋನ್ ಕೊಡು ಇಲ್ಲಿ." ಒಂದು ಕೆಂಪು ಚೌಕ ಒತ್ತಿದಳು. ಡ್ರಮ್ಮು ತಾನಾಗಿ ಹೊಡೆದುಕೊಳ್ಳತೊಡಗಿತು. "ಇದೇ ತಾನೆ?"

"ಇದೇ."

"ಇದನ್ನ ನಾನೆಲ್ಲಿ ಮಾಡ್ದೆ? ಇದು ಆ್ಯಪಿನ ಜೊತೇಲೇ ಬರುತ್ತೆ. ವಾರಕ್ಕೊಂದು ಹೊಸದು, ತೆಗೆದ್ರೆ ಮೊದಲು ಅದೇ ಕಾಣತ್ತೆ. ಪಾದ್ರಿ ಫೋನಲ್ಲೂ ಹಾಕ್ಕೋಬಹುದು. ಮಾತು ನಂದು, ದನಿ ನಂದು. ಅಷ್ಟೇ."

"ಅವತ್ತೇ ಹೇಳೋಕೇನಾಗಿತ್ತು?"

"ಹಾಡು ಕದ್ದ ಅಂದೆ, ನನ್ನ ಮಾತೇ ಕದ್ದಿರ್ಬೇಕು ಅಂದ್ಕೊಂಡೆ. ಬಿಟ್ಟಿ ಡ್ರಮ್ಮಿಗೆ ಕೊಂಪಾನ ಓಡಿಸ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

ತಿಬೂರ್ಸಿಯೊಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಒಳಗೆ ಹೋಗಿ ಹಳೆಯ ಟ್ರಂಕಿನ ತಳದಿಂದ ಒಂದು ರೆಕಾರ್ಡು ತೆಗೆದ. ಕಣಜಕ್ಕೆ ಹೆಸರು ತಂದ ರೆಕಾರ್ಡು ಅದು. ನಡುವಿನ ಚೀಟಿಯನ್ನು ಅವನೇ ಕೆರೆದಿದ್ದ; ಕೆರೆಯುವ ಮುಂಚೆ ಓದಿದವರು ಅವನು ಮತ್ತು ಎವರಿಸ್ತೊ ಇಬ್ಬರೇ. ಪೇಟೆಯ ಎಷ್ಟೋ ಪಿಕೊದವರು ಎವರಿಸ್ತೊಗೆ ರಮ್ಮು ಕುಡಿಸಿ ಆ ಹೆಸರು ಕೇಳಿದ್ದರು. ರಮ್ಮು ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದ. ಆ ಹೆಸರು ಈವರೆಗೂ ಹೊರಬಿದ್ದಿಲ್ಲ.

ತಿಬೂರ್ಸಿಯೊ ರೆಕಾರ್ಡು ಹಿಡಿದು ಎವರಿಸ್ತೊನ ಮನೆಗೆ ಹೋದ. ಬಾಗಿಲಿಗೆ ಬಂದ ಎವರಿಸ್ತೊ ಒಳಗೆ ಬಾ ಅನ್ನಲಿಲ್ಲ.

"ಕೊಂಪಾ, ತಪ್ಪು ನಂದೇ," ಅಂದ ತಿಬೂರ್ಸಿಯೊ. ರೆಕಾರ್ಡು ಚಾಚಿದ. "ಇದರ ಹೆಸರೇನು? ನಂಗೆ ಮರ್ತುಹೋಗಿದೆ."

ಎವರಿಸ್ತೊ ಬೋಳು ಚೀಟಿಯ ಮೇಲೆ ಬೆರಳಾಡಿಸಿದ.

"ಯಾರಿಗೂ ಹೇಳ್ಬೇಡ ಅಂದಿದ್ದೆ ನೀನು."

"ಅಂದಿದ್ದೆ."

"ಯಾರಿಗೂ ಹೇಳಿಲ್ಲ. ನಿಂಗೂ ಹೇಳಲ್ಲ."

ಅಷ್ಟು ಹೇಳಿ ಒಳಗೆ ಹೋದ. ಬಾಗಿಲನ್ನು ಮಾತ್ರ ಹಾಕಿಕೊಳ್ಳಲಿಲ್ಲ. ತಿಬೂರ್ಸಿಯೊ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತ. ಒಳಗಿನಿಂದ ಕಾಫಿಯ ವಾಸನೆ ಬಂತು. ಮೇಜಿನ ಮೇಲೆ ಒಂದು ಲೋಟ ಇಟ್ಟ ಸದ್ದಾಯಿತು. ಅವನು ಕಿವಿಗೊಟ್ಟು ಇನ್ನೊಂದು ಲೋಟದ ಸದ್ದಿಗೆ ಕಾದ.