ಪ್ರಾರ್ಥನೆಗೆ ಇನ್ವರ್ಟರ್ ಏಕೆ

ಸಮುವೇಲಪ್ಪನವರ ದನಿಯ ಬಗ್ಗೆ ಬಳ್ಳಾರಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಅದು ದೇವರು ಕೊಟ್ಟ ವರ ಎಂಬುದು ಸ್ವತಃ ಸಮುವೇಲಪ್ಪನವರದು. ವರ ಕೊಡುವ ಮುನ್ನ ದೇವರು ಅಕ್ಕಪಕ್ಕದವರನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ಅವರ ಹೆಂಡತಿ ಅರುಣಾ ಅವರದು. ಮೂವತ್ತೊಂದು ವರ್ಷ ಸಮುವೇಲಪ್ಪನವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ್ದರು. ಕಡೆಯ ಬೆಂಚಿನಲ್ಲಿ ಮಲಗಿದ್ದವರೂ ಒಂದಷ್ಟು ಹಳಗನ್ನಡ ಕಲಿತೇ ಏಳುತ್ತಿದ್ದರು. ನಿವೃತ್ತಿಯಾದ ಮೇಲೆ ಆ ದನಿ ಪೂರ್ತಿಯಾಗಿ ಚರ್ಚಿನ ಪಾಲಾಯಿತು. ಅಜ್ಜನ ಕಾಲದ ಕಲ್ಲಿನ ಕಟ್ಟಡ, ಎತ್ತರದ ಸೂರು. ಮೈಕು ಕೆಟ್ಟ ಭಾನುವಾರಗಳಲ್ಲಿ ಸಮುವೇಲಪ್ಪನವರ ಮುಖದ ಮೇಲೆ ಬೇರೆಯೇ ಕಳೆ ಇರುತ್ತಿತ್ತು.

ಆ ಚರ್ಚಿಗೊಂದು ಸಹಾಯ ಸಮಿತಿ ಇತ್ತು. ಸುತ್ತಲಿನ ಊರುಗಳಲ್ಲಿ ಹತ್ತು ಹನ್ನೆರಡು ಜನ ಸೇರಿ ನಡೆಸುವ ಪುಟ್ಟ ಪ್ರಾರ್ಥನಾ ಸಭೆಗಳಿಗೆ, ಅದರಲ್ಲೂ ಕಷ್ಟದಲ್ಲಿರುವವಕ್ಕೆ, ನೆರವಾಗುವುದು ಅದರ ಕೆಲಸ. ಸಮುವೇಲಪ್ಪನವರು ಕಾರ್ಯದರ್ಶಿ. ನೆರವು ಎಂದರೆ ಅಲ್ಲಿಯವರೆಗೆ ಗೋಡೆ ಗಡಿಯಾರ, ಜಮಖಾನ ಮತ್ತು ಸಮುವೇಲಪ್ಪನವರ ಉಪದೇಶ-ಪ್ರಸಂಗ. ಕಷ್ಟವನ್ನು ಮಾತ್ರ ಅವರು ಕಣ್ಣಾರೆ ಕಂಡಿರಲಿಲ್ಲ. ಅವರ ತಿಳುವಳಿಕೆಯ ಪ್ರಕಾರ ಹಿಂಸೆ ಎಂಬುದು ಕ್ರೈಸ್ತರನ್ನು ತಿಂದ ರೋಮಿನ ಸಿಂಹಗಳ ಜೊತೆಗೇ ಮುಗಿದುಹೋದ ವಿಷಯ. ತಮ್ಮ ಜೀವಮಾನದಲ್ಲಿ ಅವರು ನಂಬಿಕೆಗಾಗಿ ಅನುಭವಿಸಿದ್ದು ಇಷ್ಟೆ: ಕ್ರಿಸ್‌ಮಸ್ಸಿಗೆ ಕೇಕು ಕೊಟ್ಟರೆ ಪಕ್ಕದ ಮನೆಯವರು "ಮೊಟ್ಟಿ ಹಾಕೀರೇನ್ರಿ?" ಎಂದು ಕೇಳುತ್ತಿದ್ದರು.

ಹೀಗಿರುವಾಗ ಕುರುಗೋಡಿನಿಂದ ಒಂದು ಅರ್ಜಿ ಬಂತು. ಬರೆದವನು ಹುಲುಗೇಶ್; ವಾರವೆಲ್ಲ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು, ಭಾನುವಾರ ಪಾಸ್ಟರು. ಮೊದಲು ಸಿರುಗುಪ್ಪದಲ್ಲೇ ಬಾಡಿಗೆಯ ಕೋಣೆಯೊಂದರಲ್ಲಿ ಪ್ರಾರ್ಥನೆ ನಡೆಸುತ್ತಿದ್ದ. ಒಂದು ಭಾನುವಾರ ಇಪ್ಪತ್ತು ಜನ ನುಗ್ಗಿ, ಡೋಲಕ್ ಒಡೆದು, ಅವನ ಹುಬ್ಬು ಸೀಳಿ, ಮತಾಂತರ ಮತಾಂತರ ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಹೋದರು. ಸಂಜೆಯೊಳಗೆ ಮನೆಯ ಮಾಲೀಕ ಬೀಗ ಬದಲಿಸಿದ. ಅಲ್ಲಿ ಉಳಿದ ಆರು ಜನ ಈಗ ಬಸ್ಸು ಹತ್ತಿ ಬಂದು ಕುರುಗೋಡಿನ ಐದು ಜನರ ಜೊತೆ ಸೇರುತ್ತಿದ್ದರು, ಉಚ್ಚೆಂಗೆಮ್ಮ ಎಂಬಾಕೆಯ ಹೊಲಿಗೆ ಶೆಡ್ಡಿನಲ್ಲಿ. ಈ ಶೆಡ್ಡೂ ಕೈಬಿಟ್ಟರೆ ಇನ್ನೊಂದು ಜಾಗ ಕೊಡುವವರು ಯಾರೂ ಇಲ್ಲ ಎಂದು ಹುಲುಗೇಶ್ ಬರೆದಿದ್ದ. ಕೊನೆಯಲ್ಲಿ ಒಂದೇ ಬೇಡಿಕೆ: "ದಯವಿಟ್ಟು ಒಂದು ಇನ್ವರ್ಟರ್ ಮತ್ತು ಬ್ಯಾಟರಿ ಕೊಡಿಸಬೇಕು."

ಸಮಿತಿ ಮುಸಿಮುಸಿ ನಕ್ಕಿತು. ಸಮುವೇಲಪ್ಪನವರು ನಡಾವಳಿ ಪುಸ್ತಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಬರೆದರು: "ಪ್ರಾರ್ಥನೆಗೆ ಇನ್ವರ್ಟರ್ ಏಕೆ? ನಮ್ಮ ಹಿರಿಯರು ಬೀಸಣಿಗೆಯೂ ಇಲ್ಲದ ಸೆರೆಮನೆಗಳಲ್ಲಿ ಹಾಡಿದರು. ಗಾಳಿಗಿಂತ ಆತ್ಮಬಲ ಮುಖ್ಯ. ಕಾರ್ಯದರ್ಶಿಯವರು ಖುದ್ದಾಗಿ ತೆರಳಿ ಸಭೆಗೆ ಧೈರ್ಯ ತುಂಬತಕ್ಕದ್ದು." ಇದನ್ನು ಬರೆಯುವಾಗ ಹಾಳೆ ಹಾರದಂತೆ ಅವರು ಎಡಗೈಯಿಂದ ಒತ್ತಿ ಹಿಡಿದಿದ್ದರು, ತಲೆಯ ಮೇಲೆ ಫ್ಯಾನು ಅಷ್ಟು ಜೋರಾಗಿತ್ತು.

"ಅವ್ರು ಇನ್ವರ್ಟರ್ ಕೇಳ್ಯಾರ, ನೀವು ನಿಮ್ಮನ್ನ ಕಳಸಾಕ ಹತ್ತೀರಿ," ಎಂದರು ಅರುಣಾ. "ಪಾಪದ ಮಂದಿ ಮ್ಯಾಲ ಏನ್ ಸೇಡು ಐತ್ರಿ ನಿಮಗ?"

ಧೈರ್ಯ ತುಂಬಲು ಹೊರಟ ಸಮುವೇಲಪ್ಪನವರು ದೇವರ ಪುಸ್ತಕವನ್ನು ಮಿಠಾಯಿ ಅಂಗಡಿಯ ಚೀಲದಲ್ಲಿಟ್ಟು, ಅದರ ಮೇಲೆ ದಿನಪತ್ರಿಕೆ ಮುಚ್ಚಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರುಗೋಡಿನ ಬಸ್ಸಿನಲ್ಲಿ ಕುಳಿತರು. ಪಕ್ಕದವನು "ಮೈಸೂರ್ ಪಾಕ್ ಏನ್ರಿ?" ಎಂದಾಗ ಹೌದೆಂದು ತಲೆಯಾಡಿಸಿದರು. ಅದು ಲೆಕ್ಕಕ್ಕಿಲ್ಲ, ಬಾಯಿ ತೆರೆದಿಲ್ಲವಲ್ಲ ಎಂದು ಊರು ಬರುವವರೆಗೂ ತಮಗೆ ತಾವೇ ಹೇಳಿಕೊಂಡರು.

ಶೆಡ್ಡು ಎಂದರೆ ವಿರೂಪಾಕ್ಷಪ್ಪ ಎಂಬ ಹಿರಿಯರ ಮನೆಗೆ ಅಂಟಿಕೊಂಡ, ಅವರದೇ ಹಳೆಯ ಮೆಣಸಿನಕಾಯಿ ಗೋದಾಮು. ಅವರು ಹೊರಗೆ ಕಟ್ಟೆಯ ಮೇಲೆ ವಿಭೂತಿ ಧರಿಸಿ, ಪೇಪರು ಹಿಡಿದು ಕೂತಿದ್ದರು. ಸಮುವೇಲಪ್ಪನವರು ಒಳಗೆ ಹೋದದ್ದನ್ನು ನೋಡಿದರೂ ನೋಡದವರಂತೆ ಹಾಳೆ ತಿರುವಿದರು. ಒಳಗೆ ಐದು ಮಿಷಿನ್ನುಗಳು. ಬಳ್ಳಾರಿಯಿಂದ ಬರುವ ಜೀನ್ಸ್ ಪ್ಯಾಂಟುಗಳ ಹಿಂದಿನ ಜೇಬು ಹೊಲಿಯುವುದು ಉಚ್ಚೆಂಗೆಮ್ಮನ ಕೆಲಸ. ಬರೀ ಹಿಂದಿನ ಜೇಬು. ಭಾನುವಾರವಾದರೂ ಐದಕ್ಕೆ ಐದೂ ಮೋಟರುಗಳು ಗುಂಯ್ ಎನ್ನುತ್ತಿದ್ದವು. ಹೊಲಿಯುವವರು ಒಬ್ಬರೂ ಇಲ್ಲ. ಹನ್ನೊಂದು ಜನ ಜೇಬುಗಳ ಗಂಟುಗಳ ನಡುವೆ ಕೂತು, ಮೋಟರಿನ ದನಿಗಿಂತ ಒಂದು ಎಳೆ ಕೆಳಗೆ ಹಾಡುತ್ತಿದ್ದರು.

ಉಚ್ಚೆಂಗೆಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸಮುವೇಲಪ್ಪನವರು ಕೈ ಮುಗಿದರು. ಇಂಥ ಭಕ್ತಿಯನ್ನು ಬಳ್ಳಾರಿಯಲ್ಲಿ ತಾವು ಕಂಡೇ ಇಲ್ಲವಲ್ಲ ಅನ್ನಿಸಿತು. ಆಮೇಲೆ ತಮಗೂ ನೀರು ಸುರಿಯಿತು, ಹಿಂದೆಯೇ ನಾಲ್ಕು ಸೀನು ಬಂದವು. ಮೆಣಸಿನಕಾಯಿ ಖಾಲಿಯಾಗಿ ಆರು ವರ್ಷವಾಗಿದ್ದರೂ ಗೋಡೆ ಅದನ್ನು ಮರೆತಿರಲಿಲ್ಲ.

ಪ್ರಸಂಗಕ್ಕೆ ಎದ್ದು ನಿಂತು ಅವರು ಕೈಸನ್ನೆ ಮಾಡಿದರು. "ಇವನ್ನು ಸ್ವಲ್ಪ ಆಫ್ ಮಾಡಿಸಮ್ಮ. ಮಾತು ಕೇಳಿಸಬೇಕಲ್ಲ."

"ಬ್ಯಾಡ್ರಿ ಸಾರ್, ಓಡ್ಲಿ," ಎಂದಳು ಉಚ್ಚೆಂಗೆಮ್ಮ. "ನೀವು ಸಣ್ಣಕ ಮಾತಾಡ್ರಿ, ಸಾಕು."

ಸಣ್ಣಗೆ ಮಾತಾಡು ಎಂದು ಇಷ್ಟು ಮರ್ಯಾದೆಯಿಂದ ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ಐದು ಮೋಟರುಗಳು ತಮಗೆ ಸವಾಲು ಹಾಕುತ್ತಿವೆ ಅನ್ನಿಸಿತು. ಮೊದಲು ತಗ್ಗಿನಲ್ಲೇ ಶುರುಮಾಡಿದರು. ಎರಡನೆಯ ನಿಮಿಷಕ್ಕೆ ಮೋಟರಿನ ಸಮಕ್ಕೆ ಬಂದರು. ಹತ್ತನೆಯ ನಿಮಿಷಕ್ಕೆ ಅದನ್ನು ದಾಟಿದರು. ಹುಲುಗೇಶ್ ಅಂಗೈ ಕೆಳಗೆ ಮಾಡಿ ತಗ್ಗಿಸಿ, ತಗ್ಗಿಸಿ ಎಂದು ಸನ್ನೆ ಮಾಡಿದ. ಕೂತು ಆಲಿಸೋಣ ಎಂದು ಸಭೆಗೆ ಹೇಳುತ್ತಿದ್ದಾನೆಂದು ಅವರು ತಿಳಿದರು. ಪ್ರಸಂಗದ ವಿಷಯ ಅಂಜದಿರುವುದು.

"ಹೆದರಬೇಡಿರಿ!" ಎಂದರು ಸಮುವೇಲಪ್ಪನವರು. "ಹೆದರಬೇಡಿರಿ!" ಎಂದರು ಇನ್ನೂ ಎತ್ತರಿಸಿ. ಮೂರನೆಯದಕ್ಕೆ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದದ್ದೂ ಕರೆಂಟು ಹೋದದ್ದೂ ಒಂದೇ ಆಯಿತು.

ಐದೂ ಮೋಟರುಗಳು ನಿಂತವು. ಮೂರನೆಯ "ಹೆದರಬೇಡಿರಿ" ಒಂಟಿಯಾಗಿ ಶೆಡ್ಡಿನಿಂದ ಹೊರಬಿತ್ತು. ಓಣಿಯನ್ನು ದಾಟಿ, ಚಹಾದಂಗಡಿಯನ್ನು ದಾಟಿ, ಗುಡಿಯ ದೊಡ್ಡ ಬಸವಣ್ಣನ ಕಲ್ಲಿನ ಕಿವಿಗೂ ಅದು ತಲುಪಿರಬೇಕು.

ಹನ್ನೊಂದು ಜನರೂ ಅವರನ್ನೇ ನೋಡಿದರು. ತುಂಬಿದ ಕೊಡ ಉರುಳಿಸಿದ ಕೂಸನ್ನು ನೋಡುವಂತಿತ್ತು ಆ ನೋಟ. ಹುಲುಗೇಶನ ಕೈ ತಾನಾಗಿ ಹುಬ್ಬಿನ ಗಾಯದ ಗುರುತಿನ ಮೇಲೆ ಹೋಯಿತು. ಸಮುವೇಲಪ್ಪನವರು ನೋಡಿಕೊಂಡರೆ, ಯಾವಾಗಲೋ ಏನೋ, ಜೇಬಿನ ಗಂಟೊಂದರ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು.

ಬಾಗಿಲು ಬಡಿಯಿತು. ತೆರೆದರೆ ವಿರೂಪಾಕ್ಷಪ್ಪ; ಅವರ ಹಿಂದೆ ಅವರ ತಮ್ಮನ ಮಗ ಚನ್ನಬಸವ; ಅವನ ಹಿಂದೆ ಚಹಾದಂಗಡಿಯಲ್ಲಿದ್ದ ನಾಲ್ಕು ಜನ, ಕೈಯಲ್ಲಿ ಇನ್ನೂ ಲೋಟಗಳು.

"ಯಾರದು ಒದರಿದ್ದು?" ಎಂದ ಚನ್ನಬಸವ. "ಹೆದರಬ್ಯಾಡ್ರಿ ಹೆದರಬ್ಯಾಡ್ರಿ ಅಂತ? ಯಾರಿಗೆ ಹೆದರಬಾರ್ದಂತ, ನಮಗಾ?"

ಹುಲುಗೇಶ್ ಎದ್ದ. "ನಾವು ಇಲ್ಲಿ..." ಎಂದು ಶುರುಮಾಡಿದ. ಇವನು ನಿಜವನ್ನೇ ಹೇಳಲಿದ್ದಾನೆ ಎಂದು ಸಮುವೇಲಪ್ಪನವರಿಗೆ ಹೊಳೆಯಿತು.

"ನಾನು!" ಎಂದು ಗಂಟಿನ ಹಿಂದಿನಿಂದ ಎದ್ದು ನಿಂತರು. ನೋಡಿದವರು ಅದನ್ನು ಧೈರ್ಯವೆಂದು ತಪ್ಪು ತಿಳಿಯಬಹುದಿತ್ತು. "ನಾನು ಬಳ್ಳಾರಿಯವನು. ಜೀನ್ಸ್ ಕಂಪನಿ ಸೂಪರ್‌ವೈಸರ್. ಕೆಲಸದವರಿಗೆ ಬೈತಾ ಇದ್ದೆ."

"ಹೆದರಬ್ಯಾಡ್ರಿ ಅಂತ ಬೈತಾರೇನ್ರಿ?"

"ಹೊಸ ಡಿಸೈನು. ಬಟ್ಟೆಗೆ ಕತ್ತರಿ ಹಾಕೋಕೆ ಹೆದರ್ತಾರೆ."

ಕಷ್ಟದ ಗಳಿಗೆಯಲ್ಲಿ ಗುರುವನ್ನು ನಾನರಿಯೆ ಎಂದ, ದೇವರ ಪುಸ್ತಕದಲ್ಲಿ ಬರುವ ಒಬ್ಬ ಶಿಷ್ಯನ ಬಗ್ಗೆ ಸಮುವೇಲಪ್ಪನವರು ಇಪ್ಪತ್ತು ವರ್ಷಗಳಿಂದ ಪ್ರಸಂಗ ಮಾಡುತ್ತ ಬಂದಿದ್ದರು. ಛೆ, ಎಂಥ ಮನುಷ್ಯ ಎಂದು ಪ್ರತಿ ಸಲವೂ ತಲೆ ಕೊಡವುತ್ತಿದ್ದರು. ಆ ಶಿಷ್ಯನಿಗೆ ಕಡೇಪಕ್ಷ ಡಿಸೈನಿನ ನೆಪ ಹೊಳೆದಿರಲಿಲ್ಲ.

ಚನ್ನಬಸವನಿಗೆ ಸಮಾಧಾನವಾಗಲಿಲ್ಲ. "ಏನವ್ವ ಉಚ್ಚೆಂಗೆಮ್ಮ, ನೀ ಹೇಳು. ಯಾರಿವ್ರು?"

ಉಚ್ಚೆಂಗೆಮ್ಮ ಒಂದೊಂದೇ ಮಾತು ಆರಿಸಿ ಹೇಳಿದಳು. "ಬಳ್ಳಾರಿಯವ್ರಪ್ಪ. ನಮ್ಮ ಕೆಲಸ ಹೆಂಗ ನಡದೈತಿ ನೋಡಾಕ ಬಂದಾರ."

"ಇವ್ರಿಗೆ ಹೊಲಿಗಿ ಬರತೈತೇನು?"

"ಸೂಜಿಗೆ ದಾರ ಪೋಣಸಾಕ ಬರಂಗಿಲ್ಲ."

"ಹಂಗಾರ ಸೂಪರ್‌ವೈಸರ್ರೇ ಬಿಡಲೇ!" ಎಂದ ಹಿಂದಿದ್ದ ಒಬ್ಬ. ನಾಲ್ಕೂ ಜನ ನಕ್ಕರು. ಚನ್ನಬಸವನಿಗೂ ನಗು ತಡೆಯಲಾಗಲಿಲ್ಲ. ಹೋಗುವಾಗ ತಿರುಗಿ, "ಐತ್ವಾರನೂ ಮಂದಿ ಕೂಡ ದುಡಸ್ತೀರಲ್ರಿ ಸಾಹೇಬ್ರ, ದೇವ್ರಿಗಾರ ಹೆದರ್ರಿ ಒಂದೀಟು," ಎಂದ. ಅರುವತ್ತೆರಡು ವರ್ಷ ಒಂದು ಭಾನುವಾರವೂ ಕೆಲಸ ಮುಟ್ಟದಿದ್ದ ಸಮುವೇಲಪ್ಪನವರು ತಲೆ ತಗ್ಗಿಸಿದರು.

ವಿರೂಪಾಕ್ಷಪ್ಪ ಮಾತ್ರ ಹೊಸ್ತಿಲಲ್ಲೇ ಉಳಿದರು. ಓಣಿ ಖಾಲಿಯಾಗುವವರೆಗೆ ಕಾದು, ಮಿಠಾಯಿ ಚೀಲದಿಂದ ಇಣುಕುತ್ತಿದ್ದ ಪುಸ್ತಕದ ಕಪ್ಪು ರಟ್ಟನ್ನು ನೋಡಿದರು.

"ಸೂಪರ್‌ವೈಸರ್ ಸಾಹೇಬ್ರ, ಒಂದ್ ಮಾತು. ಇವ್ರಿಗೊಂದು ಇನ್ವರ್ಟರ್ ಹಾಕಸ್ರಿ."

"ಇನ್ವರ್ಟರ್?"

"ನಾನು ಮುಂಜಾನೆ ಸಂಜಿ ಲಿಂಗಪೂಜಿ ಮಾಡೋನು. ಸುಳ್ಳ ಹೇಳಾಕ ಬರಂಗಿಲ್ಲ ನನಗ. ಒಳಗೇನು ಸದ್ದು ಅಂತ ಓಣ್ಯಾಗ ಯಾರಾರ ಕೇಳಿದ್ರ ಮಿಷಿನ್ ಸದ್ದು ಅಂತೀನಿ. ಮಿಷಿನ್ ಓಡಿದ್ರ ಅದು ಖರೇ ಮಾತು. ಕರೆಂಟ್ ಹೋದ್ರ ನಾ ಏನ್ ಹೇಳ್ಲಿ? ನಮ್ಮ ಕಷ್ಟನೂ ಒಂದೀಟು ನೋಡ್ಬೇಕಲ್ರಿ ನೀವು." ಇಷ್ಟು ಹೇಳಿ ಅವರು ತಮ್ಮ ಕಟ್ಟೆಗೆ, ತಮ್ಮ ಪೇಪರಿಗೆ ಮರಳಿದರು.

ಸಮುವೇಲಪ್ಪನವರಿಗೆ ತಮ್ಮ ದುಂಡು ಅಕ್ಷರಗಳು ಒಂದೊಂದಾಗಿ ನೆನಪಾದವು. "ಇದನ್ನು ಅರ್ಜಿಯಲ್ಲಿ ಬರೀಬೇಕಲ್ಲಪ್ಪ," ಎಂದರು ಹುಲುಗೇಶನಿಗೆ.

"ಕಾಗದದಾಗ ಹೆಂಗ ಬರೀಲಿ ಸಾರ್? ಅದು ಯಾರ ಕೈಯಾಗ ಬೀಳತೈತೋ. ನೀವು ದೊಡ್ಡವ್ರು, ತಿಳಕಂತೀರಿ ಅಂದ್ಕಂಡ್ವಿ."

ಉಚ್ಚೆಂಗೆಮ್ಮ ಬಾಗಿಲು ಹಾಕಿ ಬಂದಳು. "ಸಾರ್, ತಪ್ಪು ತಿಳಕಾಬ್ಯಾಡ್ರಿ. ವರ್ಷದ ಮ್ಯಾಲಾತು, ನಾವಿಲ್ಲಿ ಒಂದ್ ಸುಳ್ಳ ಹೇಳಿಲ್ಲ. ಮಿಷಿನ್ ಹಚ್ಚಿ ಕುಂದರ್ತೀವಿ. ಯಾರಾರ ಬಾಗಲಿಗೆ ಬಂದು ಕೇಳಿದ್ರ ಪ್ರಾರ್ಥನಿ ಅಂತ ಹೇಳಾದು, ಹಂಗಂತ ಮಾತಾಗೈತಿ ನಮ್ಮೊಳಗ. ಹುಲುಗೇಶ ಹೇಳಾಕ ಎದ್ದಿದ್ದ. ಅಷ್ಟ್ರಾಗ ನೀವು ಎದ್ರಿ."

"ಅವನು ಹೇಳಿದ್ದರೆ ಏನಾಗ್ತಿತ್ತು?"

"ಏನಾಗ್ತಿತ್ತು? ಶೆಡ್ಡ ಹೋಗ್ತಿತ್ತು."

"ಹಾಗಾದರೆ ನಾನು ಹೇಳಿದ್ದರಿಂದ..."

"ಶೆಡ್ಡ ಉಳೀತು," ಎಂದಳು ಉಚ್ಚೆಂಗೆಮ್ಮ, ಲೆಕ್ಕ ಸರಿಹೋಗದವಳಂತೆ ಹಣೆ ಉಜ್ಜಿಕೊಳ್ಳುತ್ತ. "ಅದಕ ಏನನ್ನಬೇಕೋ ನಮಗೂ ತಿಳಿವಲ್ದು. ಅನ್ನ ಸಾರು ಐತಿ. ಉಂಡು ಹೋಗ್ರಿ."

ಮುಂದಿನ ಸಮಿತಿ ಸಭೆಯಲ್ಲಿ ಸಮುವೇಲಪ್ಪನವರು ತಾವೇ ಬರೆದ ನಡಾವಳಿಯನ್ನು ಓದಿದರು. ಎರಡನೆಯ ಸಾಲಿಗೆ ಅಧ್ಯಕ್ಷ ಚಿದಾನಂದಪ್ಪನವರು ಕಿವಿಗೆ ಅಂಗೈ ಹಿಡಿದು, "ಜೋರಾಗಿ ಓದ್ರಿ, ಕೇಳವಲ್ದು," ಎಂದರು. ಆ ಚರ್ಚಿನ ಚರಿತ್ರೆಯಲ್ಲಿ ಸಮುವೇಲಪ್ಪನವರಿಗೆ ಯಾರೂ ಆ ಮಾತು ಹೇಳಿದ್ದಿಲ್ಲ. ಆಮೇಲೆ ಅವರು ಎಲ್ಲವನ್ನೂ ಹೇಳಿದರು: ಮಿಠಾಯಿ ಚೀಲ, ಜೇಬಿನ ಗಂಟು, ಸೂಪರ್‌ವೈಸರು. ಮೈಸೂರ್ ಪಾಕನ್ನೂ ಬಿಡಲಿಲ್ಲ.

"ಹಂಗಾರ ಇನ್ವರ್ಟರ್ ಫ್ಯಾನಿಗಲ್ಲ?" ಎಂದರು ಚಿದಾನಂದಪ್ಪ.

"ಅಲ್ಲ. ಹನ್ನೆರಡು ಜನ ಸುಳ್ಳು ಹೇಳದೆ ಇರೋದಕ್ಕೆ. ಹನ್ನೊಂದು ಸಭೆಯವರು, ಒಬ್ಬರು ಪಕ್ಕದ ಮನೆಯವರು."

ಇನ್ವರ್ಟರ್ ಮಂಜೂರಾಯಿತು. ಅದರ ಜೊತೆ ಪ್ರಸಂಗ ಕಳಿಸಬೇಕೇ ಎಂಬ ಪ್ರಶ್ನೆ ಬಂದಾಗ ಬೇಡವೆಂದು ಕಾರ್ಯದರ್ಶಿಯವರೇ ಬರೆದುಕೊಂಡರು. ಅರುಣಾ ಆ ಪುಟವನ್ನು ತರಿಸಿ ಎರಡು ಸಲ ಓದಿದರು.

ಭಾನುವಾರ ಕುರುಗೋಡಿನಲ್ಲಿ ಬಸ್ಸಿಳಿದು ಆಟೋದಲ್ಲಿ ತಂದ ಬ್ಯಾಟರಿಯನ್ನು ಶೆಡ್ಡಿನ ಮುಂದೆ ಇಳಿಸುವಾಗಲೇ ಚಹಾದಂಗಡಿಯಿಂದ ಚನ್ನಬಸವ ಕೂಗಿದ. "ಬಂದ್ರಪ್ಪ ಸೂಪರ್‌ವೈಸರ್ರು! ಇವತ್ತು ಯಾವ ಡಿಸೈನ್ರಿ ಸಾಹೇಬ್ರ?"

ಅಲ್ಲ ಎಂದರೆ ಶೆಡ್ಡು ಹೋಗುತ್ತದೆ. ಹೌದು ಎಂದರೆ ಇನ್ನೊಂದು ಸುಳ್ಳು. ಸಮುವೇಲಪ್ಪನವರು ಬಸ್ಸಿನಲ್ಲಿ ಬರುವಾಗ ಇದಕ್ಕೊಂದೇ ದಾರಿ ಕಂಡುಕೊಂಡಿದ್ದರು. "ಇವತ್ತು ನಾನೇ ಹೊಲೀತೀನಪ್ಪ," ಎಂದರು. ಒಳಗೆ ಹೋಗಿ ನೇರವಾಗಿ ಮೂಲೆಯ ಮಿಷಿನ್ನಿನ ಮುಂದೆ ಕೂತು, "ಕಲಿಸಮ್ಮ," ಎಂದರು.

ಪ್ರಸಂಗ ಹುಲುಗೇಶನದು. ಮೂಟೆ ಇಳಿಸುವವನಂತೆ ಒಂದೊಂದೇ ಮಾತನ್ನು ಸದ್ದಾಗದ ಹಾಗೆ ಇಡುತ್ತಿದ್ದ. ನಡುವೆ ಕರೆಂಟು ಹೋಯಿತು. ಮೂರು ಮೋಟರುಗಳು ನಿಂತವು, ಇನ್ವರ್ಟರಿಗೆ ಹಚ್ಚಿದ ಎರಡು ಗುಂಯ್ ಎನ್ನುತ್ತಲೇ ಇದ್ದವು. ಹೊರಗೆ ಯಾರೋ ಏನೋ ಕೇಳಿದರು. "ಮಿಷಿನ್ ಸದ್ದಪಾ," ಎಂದರು ವಿರೂಪಾಕ್ಷಪ್ಪ, ನಿರಾಳವಾಗಿ. ಪೇಪರಿನ ಹಾಳೆ ತಿರುವಿದ್ದು ಕೇಳಿಸಿತು.

ಉಚ್ಚೆಂಗೆಮ್ಮ ಸಮುವೇಲಪ್ಪನವರ ಬೆನ್ನ ಹಿಂದೆ ಬಂದು, ಅವರು ಮುಕ್ಕಾಲು ಗಂಟೆ ಬೆವರಿ ಹೊಲಿದಿದ್ದ ಜೇಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಲಿಗೆ ಒಂದು ಅಂಚಿನಿಂದ ಹೊರಟು, ದಾರಿಯಲ್ಲಿ ಮನಸ್ಸು ಬದಲಿಸಿ, ಬೇರೆ ಕಡೆಗೆ ಹೋಗಿತ್ತು.

"ರಿಜೆಕ್ಟ್ ಸಾರ್," ಎಂದು ಪಿಸುಗುಟ್ಟಿದಳು. "ಬಿಚ್ಚಿ ಇನ್ನೊಮ್ಮೆ ಹೊಲೀರಿ."

ಅವರು ಏನೋ ಹೇಳಲು ಬಾಯಿ ತೆರೆದರು. ಹನ್ನೊಂದು ಜನರೂ ಒಟ್ಟಿಗೆ ತುಟಿಗೆ ಬೆರಳಿಟ್ಟರು. ಸಮುವೇಲಪ್ಪನವರು ಬಾಯಿ ಮುಚ್ಚಿ, ಕನ್ನಡಕ ಸರಿಮಾಡಿಕೊಂಡು, ಮೊದಲ ಹೊಲಿಗೆ ಬಿಚ್ಚತೊಡಗಿದರು.